ಹಗೆಯವರು ನೆಟ್ಟ ವೀರಗಲ್ಲು

ಜಯನಗರದ ನಮ್ಮ ಕಾಲೇಜಿನಿಂದ ಆಗ್ನೇಯ ದಿಕ್ಕಿಗೆ ಹೊರಟು, ಬಿ.ಟಿ.ಎಂ. ಬಡಾವಣೆಯನ್ನೂ ಬೊಮ್ಮನಹಳ್ಳಿಯನ್ನೂ ಹಿಂದೆ ಹಾಕಿದರೆ ಸಿಕ್ಕುವ ಊರು ಬೇಗೂರು. ಊರು ಎಂದೆ, ಈಗ ಅದು ಬೆಂಗಳೂರಿನ ಒಂದು ಮೂಲೆ. ಆದರೆ ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಒಂದು ಕಲ್ಲನ್ನು ಓದಿದವರಿಗೆ, ಬೇಗೂರು ಬೆಂಗಳೂರಿನೊಳಗೆ ಸೇರಿಕೊಂಡಿತೋ, ಬೆಂಗಳೂರೇ ಬೇಗೂರಿನ ಮಗ್ಗುಲಲ್ಲಿ ಹುಟ್ಟಿಬಂದಿತೋ ಎಂಬ ಅನುಮಾನ ಬಾರದೆ ಇರದು. ಕ್ರಿ.ಶ. 890ರ ಸುಮಾರಿನ, ಗಂಗರ ಕಾಲದ ಕಲ್ಲು ಅದು. ನಾಗತ್ತರನ ಕಡೆಯವನೊಬ್ಬನು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂಬ ಸುದ್ದಿಯನ್ನು ನಾಲ್ಕೇ ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ನಮ್ಮ ನಗರದ ಹೆಸರು ಇಷ್ಟು ಹಳೆಯದೆಂದು ನಮಗೆ ತಿಳಿದದ್ದು ಹೀಗೆ, ಒಬ್ಬನ ಸಾವಿನ ಸುದ್ದಿಯಿಂದ. ಅದೇ ಊರಿನ ಇನ್ನೊಂದು ದೊಡ್ಡ ವೀರಗಲ್ಲು, ಆನೆ ಕುದುರೆ ಕಾಲಾಳುಗಳು ಕಿಕ್ಕಿರಿದು ಹೋರಾಡುವ ಚಿತ್ರವುಳ್ಳದ್ದು, ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಶಾಸನಗಳಲ್ಲಿ ಆಸಕ್ತಿಯುಳ್ಳವರೆಲ್ಲ ಅದನ್ನು ಬಲ್ಲರು.

ವೀರಗಲ್ಲುಗಳ ವಿನ್ಯಾಸವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಸಾಮಾನ್ಯವಾಗಿ ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕೈಹಿಡಿದು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಶಿವಸಾನ್ನಿಧ್ಯ. ಕನ್ನಡನಾಡಿನಲ್ಲಿ ಹೀಗೆ ಕಲ್ಲು ನೆಡಿಸಿಕೊಳ್ಳುವುದಕ್ಕೆ ಅರಸನೇ ಆಗಿರಬೇಕೆಂಬ ನಿಯಮವಿರಲಿಲ್ಲ. ತುರುಗಾಹಿಗೂ ಕಲ್ಲುಂಟು. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಕಾಳಿ ಎಂಬ ನಾಯಿಗೂ ಕಲ್ಲುಂಟು. ಕಾಡುಹಂದಿಯೊಡನೆ ಕಾದಾಡಿ, ಅದನ್ನು ಕೊಂದು, ತಾನೂ ಸತ್ತ ನಾಯಿ ಅದು. ಆದರೆ ಎಲ್ಲ ಕಲ್ಲುಗಳಿಗೂ ಒಂದು ಸಾಮಾನ್ಯವಾದ ಅಗತ್ಯವುಂಟು. ಕಾಳಗವನ್ನು ಕಣ್ಣಾರೆ ಕಂಡವನೊಬ್ಬನು ಬದುಕಿ ಊರಿಗೆ ಹಿಂದಿರುಗಿ, ಇಂಥವನು ಹೀಗೆ ಹೋರಾಡಿ ಸತ್ತನೆಂದು ಹೇಳಬೇಕು. ಹೇಳುವವನಿಲ್ಲದಿದ್ದರೆ ಕೆತ್ತುವವನಿಗೆ ಕೆಲಸವಿಲ್ಲ.

ಈ ಮಾತು ನನ್ನ ಮನಸ್ಸಿಗೆ ಬಂದದ್ದು ತರಗತಿಯಲ್ಲಿ. ರನ್ನನ ಗದಾಯುದ್ಧವನ್ನು ಪಾಠ ಮಾಡುತ್ತಿದ್ದೆ. ಸಂಜಯನೊಡನೆ ರಣರಂಗದಲ್ಲಿ ನಡೆದು ಬರುವ ದುರ್ಯೋಧನನು ಅಭಿಮನ್ಯುವಿನ ಶವವನ್ನು ಕಂಡು ನಿಲ್ಲುವ ಸನ್ನಿವೇಶ. ಅವನು ಹಗೆಯ ಮಗ. ತನ್ನವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನನ್ನು ಕಂಡು ದುರ್ಯೋಧನನು ಜರೆಯುವುದಿಲ್ಲ, ಹಿಗ್ಗುವುದೂ ಇಲ್ಲ. ಕೈಮುಗಿದು ಹೊಗಳಿ, ಆ ಸಾಹಸದ ಒಂದು ಪಾಲಿಗಾದರೂ ಸಮನಾದ ಮರಣ ತನಗೂ ಒದಗಲಿ ಎಂದು ಬೇಡಿಕೊಳ್ಳುತ್ತಾನೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, "ಸರ್, ಇದು ಕವಿಯ ಕಲ್ಪನೆ ಮಾತ್ರ ಅಲ್ಲವೆ? ಕೊಂದವರು ಸತ್ತವನನ್ನು ಎಲ್ಲಿಯಾದರೂ ಹೊಗಳುತ್ತಾರೆಯೆ?" ಎಂದು ಕೇಳಿದ. ನಾನು ಉತ್ತರಕ್ಕೆ ಅಲಂಕಾರಶಾಸ್ತ್ರವನ್ನು ತಡಕುತ್ತಿದ್ದಾಗ, ವಿರಾಜಪೇಟೆಯ ಕಡೆಯ ಹುಡುಗಿಯೊಬ್ಬಳು ಮೆಲ್ಲಗೆ, "ನಮ್ಮ ದೇವಯ್ಯನವರನ್ನು ಹೊಗಳಿದ್ದಾರಲ್ಲ, ಸರ್" ಎಂದಳು. ಅವಳ ಮಾತೇ ಸರಿಯಾದ ಉತ್ತರವಾಗಿತ್ತು. ಉಳಿದವರಿಗೆ ಆ ಹೆಸರು ತಿಳಿದಿರಲಿಲ್ಲ. ಈ ಲೇಖನ ಅವರಿಗಾಗಿ.

ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರ ಡಿಸೆಂಬರ್ 24ರಂದು ಹುಟ್ಟಿದರು. ಕೊಡವರ ಹೆಸರಿನಲ್ಲಿಯೇ ಅವರ ಅರ್ಧ ಚರಿತ್ರೆ ಅಡಗಿರುತ್ತದೆ: ಮೊದಲನೆಯದು ಒಕ್ಕದ ಹೆಸರು, ಎರಡನೆಯದು ತಂದೆಯದು, ಮೂರನೆಯದು ತನ್ನದು. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸಿ ಸಾರುವ ಸೀಮೆ ಅದು. ಅಂತಹ ಸೀಮೆಯಲ್ಲಿ ಹುಡುಗನೊಬ್ಬ ಸೈನ್ಯಕ್ಕೆ ಸೇರುವುದು ಸುದ್ದಿಯಲ್ಲ. ಕಾರ್ಯಪ್ಪನವರೂ ತಿಮ್ಮಯ್ಯನವರೂ ಹುಟ್ಟಿದ ನಾಡಿನಲ್ಲಿ ಭೂಸೈನ್ಯವೆಂದರೆ ಮನೆಯ ಮುಂದಿನ ಗದ್ದೆಯಷ್ಟೇ ಪರಿಚಿತವಾದದ್ದು. ಆಕಾಶ ಮಾತ್ರ ಅವರಿಗೂ ಹೊಸದು. ದೇವಯ್ಯನವರು 1954ರಲ್ಲಿ ವಾಯುದಳಕ್ಕೆ ವೈಮಾನಿಕರಾಗಿ ಸೇರಿದರು. ಆಗ ಕೊಡಗು ಇನ್ನೂ ತನ್ನದೇ ಆದ ಪುಟ್ಟ ರಾಜ್ಯ. ಮೈಸೂರಿನೊಡನೆ ಒಂದಾಗುವುದಕ್ಕೆ ಎರಡು ವರ್ಷ ಉಳಿದಿತ್ತು.

ಅವರ ದೇಹ ಸ್ವಲ್ಪ ತುಂಬಿಕೊಂಡಿದ್ದಿರಬೇಕು. ಜೊತೆಗಾರರು ಅವರನ್ನು ‘ಟಬ್ಬಿ’ ಎಂದು ಕರೆಯುತ್ತಿದ್ದರು. ದಂಡಿನ ಊಟದ ಮನೆಗಳಲ್ಲಿ ಹುಟ್ಟುವ ಇಂತಹ ಅಡ್ಡಹೆಸರುಗಳಿಗೆ ಗೌರವವೂ ಇಲ್ಲ, ದುರುದ್ದೇಶವೂ ಇಲ್ಲ. 1965ರ ಹೊತ್ತಿಗೆ ಅವರು ಸ್ಕ್ವಾಡ್ರನ್ ಲೀಡರ್ ಆಗಿದ್ದರು. ವಾಯುದಳದ ವಿಮಾನಶಿಕ್ಷಣ ಕಾಲೇಜಿನಲ್ಲಿ ಬೋಧಕರಾಗಿದ್ದರು. ಅವರ ಬದುಕಿನಲ್ಲಿ ನನಗೆ ತೀರ ಹತ್ತಿರದ್ದೆನಿಸುವುದು ಈ ಸಂಗತಿಯೇ. ನಾನು ಕಲಿಸುವ ಪಾಠದಲ್ಲಿ ಶಿಷ್ಯನು ತಪ್ಪಿದರೆ ಒಂದು ಅಂಕ ಹೋಗುತ್ತದೆ, ಅಷ್ಟೆ. ವಿಮಾನ ಹಾರಿಸಲು ಕಲಿಸುವವನು ಶಿಷ್ಯನ ಜೊತೆಯಲ್ಲಿಯೇ ಮೇಲಕ್ಕೆ ಹೋಗಬೇಕು. ಅವನ ತಪ್ಪಿಗೆ ತನ್ನ ಪ್ರಾಣವನ್ನೂ ಒತ್ತೆಯಿಟ್ಟು, ಕೈಚಾಚಿ ಹಿಡಿತವನ್ನು ಕಿತ್ತುಕೊಳ್ಳುವ ಆಸೆಯನ್ನು ಕಡೆಯ ಕ್ಷಣದವರೆಗೂ ತಡೆದುಕೊಳ್ಳಬೇಕು. ಇಂತಹ ತಾಳ್ಮೆಯನ್ನು ಅಭ್ಯಾಸ ಮಾಡಿದ ಮನುಷ್ಯ ದುಡುಕಿನವನಾಗಿರಲಾರ. ಮುಂದೆ ನಡೆದದ್ದನ್ನು ಓದುವಾಗ ಇದನ್ನು ಮರೆಯಬಾರದು.

ಯುದ್ಧ ಒದಗಿದಾಗ ಅವರು ಶಾಲೆಯನ್ನು ಬಿಟ್ಟು, ಪಂಜಾಬಿನ ಆದಂಪುರದಲ್ಲಿ ನೆಲೆಸಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಬಂದರು. ಭಾರತೀಯ ವಾಯುದಳದ ತುಕಡಿಗಳಲ್ಲೆಲ್ಲ ಹಿರಿಯದು ಅದು. ಹುಲಿಗಳೆಂದು ಅದಕ್ಕೆ ಬಿರುದು.

ಆ ಯುದ್ಧದ ಮೊದಲ ದಿನಗಳನ್ನು ಎರಡು ಮಾತಿನಲ್ಲಿ ನೆನಪಿಸಿದರೆ ಸಾಕು. ಸೆಪ್ಟೆಂಬರ್ 1ರಂದು ಛಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗಿದವು. ಅಂದು ಸಂಜೆಯೇ ನಮ್ಮ ವಿಮಾನಗಳು ಹಾರಿದವು. 6ರಂದು ನಮ್ಮ ಸೈನ್ಯ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣಕೋಟೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ಸುಟ್ಟವು. ಆಗತಾನೆ ಬಂದಿದ್ದ ಎರಡು ಮಿಗ್-21 ವಿಮಾನಗಳೂ ಅದರಲ್ಲಿ ಬೆಂದುಹೋದವು. ಆ ರಾತ್ರಿ ಆದಂಪುರ, ಹಲವಾರ, ಪಠಾಣಕೋಟೆಗಳ ಸುತ್ತಣ ಹೊಲಗಳಲ್ಲಿ ಶತ್ರುವಿನ ಪ್ಯಾರಾಚೂಟು ಸೈನಿಕರು ಇಳಿದರು. ಕಬ್ಬಿನ ಹೊಲಗಳಲ್ಲಿ ಅವರನ್ನು ಹುಡುಕುವ ಗದ್ದಲದ ನಡುವೆಯೇ, ಬೆಳಗಾದರೆ ಮಾಡಬೇಕಾದ ಕೆಲಸವೇನೆಂದು ವೈಮಾನಿಕರಿಗೆ ಗೊತ್ತಾಗಿತ್ತು. ಪಾಕಿಸ್ತಾನದ ವಾಯುದಳದ ಹೃದಯಸ್ಥಾನವಾದ ಸರಗೋಧದ ಮೇಲೆ ದಾಳಿ.

ಆದಂಪುರದಿಂದ ಸರಗೋಧಕ್ಕೆ ನೇರವಾಗಿ ಅಳೆದರೂ ಸುಮಾರು 300 ಕಿಲೋಮೀಟರು. ಹೋಗಬೇಕಾದದ್ದು ಮಿಸ್ಟೇರ್ ಎಂಬ ವಿಮಾನದಲ್ಲಿ. ಫ್ರಾನ್ಸಿನಲ್ಲಿ ತಯಾರಾದ, ಒಂದೇ ಎಂಜಿನಿನ, ಒಬ್ಬನೇ ಕುಳಿತು ನಡೆಸುವ ವಿಮಾನ ಅದು. 1957ರಿಂದ ನಮ್ಮಲ್ಲಿತ್ತು. ಆಕಾಶದಲ್ಲಿ ಹೋರಾಡುವುದಕ್ಕೂ, ಬಾಂಬು ರಾಕೆಟ್ಟುಗಳನ್ನು ಹೊತ್ತು ನೆಲದ ಮೇಲಿನ ಗುರಿಗೆ ಬಡಿಯುವುದಕ್ಕೂ ಮಾಡಿದ್ದು. ಆದರೆ ಆ ಯುದ್ಧದಲ್ಲಿ ಅದರ ಪಾಲಿಗೆ ಹೆಚ್ಚಾಗಿ ಬಂದದ್ದು ಎರಡನೆಯ ಕೆಲಸ. ಸದೃಢವಾದದ್ದು, ನಂಬಿಕೆಗೆ ಅರ್ಹವಾದದ್ದು. ವೇಗ ಮಾತ್ರ ಶಬ್ದದ ವೇಗಕ್ಕಿಂತ ಕಡಮೆ. ರೇಡಾರಿನ ಕಣ್ಣು ತಪ್ಪಿಸಬೇಕಾದರೆ ಮರದ ತಲೆಗಳನ್ನು ಸವರುವಂತೆ ಕೆಳಗೆ ಹಾರಬೇಕು. ಕೆಳಗೆ ಹಾರಿದಷ್ಟೂ ಜೆಟ್ ಎಂಜಿನು ಎಣ್ಣೆಯನ್ನು ಹೆಚ್ಚಾಗಿ ಕುಡಿಯುತ್ತದೆ. ಹೋಗಿ, ಬಾಂಬು ಹಾಕಿ, ನಿಲ್ಲದೆ ಹಿಂದಿರುಗುವುದಕ್ಕೆ ಎಣ್ಣೆ ಸರಿಹೋಗುತ್ತಿತ್ತು. ನಡುವೆ ಕಾದಾಟಕ್ಕೆ ತೊಡಗುವಷ್ಟು ಹೆಚ್ಚಿನದು ಅದರ ಹೊಟ್ಟೆಯಲ್ಲಿರಲಿಲ್ಲ.

ಎದುರಾಳಿಗಳ ಬಳಿ ಇದ್ದದ್ದು ಸ್ಟಾರ್‌ಫೈಟರ್. ಅಮೆರಿಕ ದೇಶವು 1961ರಲ್ಲಿ ಪಾಕಿಸ್ತಾನಕ್ಕೆ ಕೊಡತೊಡಗಿದ ಈ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಅದರ ಚಿತ್ರವನ್ನು ನೋಡಿದವರು ಅದನ್ನು ವಿಮಾನವೆನ್ನುವುದಕ್ಕಿಂತ ಬಾಣವೆನ್ನುತ್ತಾರೆ. ರೆಕ್ಕೆಗಳ ತುದಿಯಿಂದ ತುದಿಗೆ ಅಳೆದರೆ ಇಪ್ಪತ್ತೆರಡು ಅಡಿಯೂ ತುಂಬದು; ಉಳಿದದ್ದೆಲ್ಲ ಎಂಜಿನು. ಶಾಖವನ್ನು ಅರಸಿ ಬೆನ್ನಟ್ಟುವ ಸೈಡ್‌ವೈಂಡರ್ ಕ್ಷಿಪಣಿ ಅದರ ತುದಿಗಳಲ್ಲಿ. ಮೂಗಿನೊಳಗೆ ನಿಮಿಷಕ್ಕೆ ಸಾವಿರಗಟ್ಟಲೆ ಗುಂಡು ಉಗುಳುವ ಫಿರಂಗಿ. ಅದಕ್ಕೂ ಮಿಸ್ಟೇರಿಗೂ ಓಟದ ಪಂದ್ಯವಿಟ್ಟರೆ ಅದು ಪಂದ್ಯವೇ ಅಲ್ಲ. ಆದರೆ ಬಾಣವು ಬೇಗನೆ ತಿರುಗಲಾರದು. ತಗ್ಗಿನಲ್ಲಿ, ಕಡಮೆ ವೇಗದಲ್ಲಿ, ಸುತ್ತುವರಿದು ಹೊಡೆದಾಡುವ ಸಂದರ್ಭ ಬಂದರೆ ಮಿಸ್ಟೇರಿನ ಅಗಲವಾದ ರೆಕ್ಕೆಗಳು ನೆರವಿಗೆ ಬರುತ್ತವೆ. ಈ ಒಂದು ಅನುಕೂಲವನ್ನು ಬಳಸಬೇಕಾದರೆ ವೈಮಾನಿಕನು ಓಡುವುದನ್ನು ಬಿಟ್ಟು ತಿರುಗಿ ನಿಲ್ಲಬೇಕು. ತಿರುಗಿ ನಿಂತರೆ ಮನೆಗೆ ಹೋಗುವ ಎಣ್ಣೆ ಉರಿದುಹೋಗುತ್ತದೆ.

ಸೆಪ್ಟೆಂಬರ್ 7ರ ಬೆಳಗು. ಇನ್ನೂ ಕತ್ತಲಿರುವಾಗಲೇ ವಿಂಗ್ ಕಮಾಂಡರ್ ಓಂಪ್ರಕಾಶ ತನೇಜಾ ಅವರ ಮುಂದಾಳುತನದಲ್ಲಿ ಹನ್ನೆರಡು ಮಿಸ್ಟೇರುಗಳು ಹೊರಡುವುದೆಂದು ಗೊತ್ತಾಗಿತ್ತು. ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರದು ಕಾದಿರಿಸಿದ ವಿಮಾನ. ಹನ್ನೆರಡರಲ್ಲಿ ಒಂದು ಕೆಟ್ಟು ನಿಂತರೆ ಮಾತ್ರ ಅದರ ಸ್ಥಾನವನ್ನು ತುಂಬಬೇಕು. ಎಲ್ಲವೂ ಸರಿಯಾಗಿ ಹೊರಟರೆ ಇವರು ಹಿಂದೆಯೇ ಉಳಿಯಬೇಕು. ಒಂದು ವಿಮಾನ ಹಿಂದೆಗೆಯಿತು. ದೇವಯ್ಯನವರು ಅದರ ಬದಲಿಗೆ ಹೋಗಿ ದಂಡನ್ನು ಸೇರಿಕೊಂಡರು. ಚರಿತ್ರೆಯಲ್ಲಿ ಎಷ್ಟೋ ಹೆಸರುಗಳು ಇಂತಹ ಬಾಗಿಲ ಸಂದಿನಿಂದ ಒಳಗೆ ಬಂದಿವೆ. ಯಾವುದೋ ಒಂದು ಯಂತ್ರದ ಯಾವುದೋ ಒಂದು ಭಾಗ ಅಂದು ಸರಿಯಾಗಿದ್ದಿದ್ದರೆ, ಅವರು ಮತ್ತೆ ಶಾಲೆಗೆ ಹಿಂದಿರುಗಿ, ಇನ್ನೂ ಎಷ್ಟೋ ಹುಡುಗರಿಗೆ ಹಾರುವುದನ್ನು ಕಲಿಸಿ, ಮುದುಕರಾಗಿ, ಕಿತ್ತಳೆಯ ತೋಟದಲ್ಲಿ ಓಡಾಡಿಕೊಂಡಿರುತ್ತಿದ್ದರೋ ಏನೋ.

ಬೆಳಗಿನ ಆರು ಗಂಟೆಗೆ ಸ್ವಲ್ಪ ಮುಂಚೆ ದಾಳಿ ನಡೆಯಿತು. ಬಾಂಬುಗಳು ಬಿದ್ದವು, ವಿಮಾನಗಳು ತಿರುಗಿ ನೆಲಕ್ಕೆ ಅಂಟಿಕೊಂಡಂತೆ ಪೂರ್ವದಿಕ್ಕಿಗೆ ಧಾವಿಸಿದವು. ಆದಂಪುರದಲ್ಲಿ ಇಳಿದವರನ್ನು ಎಣಿಸಿದಾಗ ಒಬ್ಬರು ಕಡಮೆ. ಅವರು ಎಲ್ಲಿ ಬಿದ್ದರು, ಹೇಗೆ ಬಿದ್ದರು, ನೆಲದ ಫಿರಂಗಿಗೆ ಸಿಕ್ಕಿದರೋ, ದಾರಿ ತಪ್ಪಿ ಎಣ್ಣೆ ಮುಗಿಯಿತೋ, ಕಂಡವರೊಬ್ಬರೂ ಇರಲಿಲ್ಲ. ಅದೇ ಬೆಳಗ್ಗೆ ಇನ್ನೂ ಹಲವು ದಾಳಿಗಳು ಹೊರಡಬೇಕಾಗಿತ್ತು. ಯುದ್ಧದಲ್ಲಿ ನಿಂತು ಯೋಚಿಸುವುದಕ್ಕೆ ಬಿಡುವು ಯಾರಿಗಿದೆ? ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯ ‘ನಾಪತ್ತೆ’ಯಾದರು. ಅವರಿಗೆ ಮೂವತ್ತೆರಡು ವರ್ಷ, ಎಂಟು ತಿಂಗಳು.

ನಾಪತ್ತೆ ಎಂಬ ಮಾತನ್ನು ನಾವು ದಿನಪತ್ರಿಕೆಯಲ್ಲಿ ನಿತ್ಯವೂ ಓದುತ್ತೇವೆ. ಅದರ ಭಾರ ತಿಳಿಯಬೇಕಾದರೆ ಸೈನಿಕನ ಮನೆಯ ಹೊಸ್ತಿಲಿನ ಒಳಗಿರಬೇಕು. ಸತ್ತನೆಂದರೆ ಅಳಬಹುದು, ಸೆರೆಯಾದನೆಂದರೆ ಕಾಯಬಹುದು. ನಾಪತ್ತೆಯೆಂದರೆ ಅಳುವುದು ಅಪಶಕುನ, ಕಾಯುವುದು ಹಿಂಸೆ. ಕೊಡಗಿನಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿ ನೆರೆಹೊರೆಯವರು ಕೈಯ ಕೆಲಸವನ್ನು ಬಿಟ್ಟು ಬರುತ್ತಾರೆ. ನಾಪತ್ತೆಯಾದವನಿಗೆ ಗುಂಡು ಹಾರಿಸುವುದು ಯಾವಾಗ? ಪತ್ನಿ ಸುಂದರಿ ದೇವಯ್ಯನವರು ಪುಟ್ಟ ಮಕ್ಕಳನ್ನು ಇಟ್ಟುಕೊಂಡು ಈ ಪ್ರಶ್ನೆಯೊಡನೆ ಬಾಳಬೇಕಾಯಿತು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಸೆರೆಯಾದವರು ಗಡಿ ದಾಟಿ ಬಂದರು. ಹಾಗೆ ಬಂದವರಲ್ಲಿ ಕೊಡಗಿನ ಇನ್ನೊಬ್ಬ ತರುಣ ವೈಮಾನಿಕರೂ ಇದ್ದರು. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ, ಯುದ್ಧದ ಕಡೆಯ ದಿನಗಳಲ್ಲಿ ಹಂಟರ್ ವಿಮಾನದಿಂದ ಬಿದ್ದು ಸೆರೆಸಿಕ್ಕವರು. ಅಯೂಬ್ ಖಾನರು ತಮ್ಮ ಹಳೆಯ ಮೇಲಧಿಕಾರಿಯ ಮಗನೆಂದು ಬಿಡಲು ಮುಂದಾದಾಗ, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಒಬ್ಬನಿಗಾಗಿ ಬೇಡುವುದಿಲ್ಲವೆಂದು ಆ ತಂದೆ ಉತ್ತರಿಸಿದ್ದನ್ನು ನಾಡೆಲ್ಲ ಬಲ್ಲದು. ದೇವಯ್ಯನವರು ಮಾತ್ರ ಆ ಮಕ್ಕಳ ಸಾಲಿನಲ್ಲಿ ಇರಲಿಲ್ಲ.

ಗಡಿಯಾಚೆಯಲ್ಲಿ ಅಂದಿನ ಬೆಳಗು ಬೇರೊಂದು ಕಾರಣಕ್ಕಾಗಿ ಪ್ರಸಿದ್ಧವಾಯಿತು. ಮಹಮ್ಮದ್ ಮಹಮೂದ್ ಆಲಂ ಎಂಬ ವೈಮಾನಿಕರು ಸರಗೋಧದ ಬಳಿ ಒಂದೇ ಹಾರಾಟದಲ್ಲಿ ಭಾರತದ ಐದು ಹಂಟರ್ ವಿಮಾನಗಳನ್ನು ಕೆಡವಿದರೆಂದು ಅಲ್ಲಿ ಸಾರಿದರು. ಆ ಎಣಿಕೆಯನ್ನು ನಮ್ಮ ದಾಖಲೆಗಳು ಒಪ್ಪುವುದಿಲ್ಲ. ಅದು ಇಲ್ಲಿಯ ವಿಷಯವಲ್ಲ. ಲಾಹೋರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಅದೇ ದಿನ, ಅದೇ ಆಕಾಶದಲ್ಲಿ, ಅದಕ್ಕೂ ಕೊಂಚ ಮುಂಚೆ ನಡೆದ ಇನ್ನೊಂದು ಕಾಳಗ ಈ ಕಡೆಯಲ್ಲಿ ಒಬ್ಬರಿಗೂ ತಿಳಿಯದೆ ಹೋಯಿತು. ತಿಳಿದಿದ್ದವರು ಆ ಕಡೆಯವರು.

ಹದಿನಾಲ್ಕು ವರ್ಷಗಳು ಕಳೆದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು 1965ರ ವಾಯುಯುದ್ಧವನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಪಾಕಿಸ್ತಾನದ ವಾಯುದಳದ ನೆರವಿನಿಂದ, ಅಲ್ಲಿಯ ವೈಮಾನಿಕರ ಮಾತುಗಳನ್ನು ಕೇಳಿ ಬರೆದ ಪುಸ್ತಕ. ಆ ದೇಶದ ಕಡೆಗೆ ವಾಲಿದ್ದೆಂದು ನಮ್ಮವರ ದೂರು. ಸೆಪ್ಟೆಂಬರ್ 7ರ ಬೆಳಗ್ಗೆ ಸರಗೋಧವನ್ನು ಕಾಯುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬವರ ಸ್ಟಾರ್‌ಫೈಟರ್ ಹೇಗೆ ನಾಶವಾಯಿತೆಂಬ ವೃತ್ತಾಂತ ಅದರಲ್ಲಿ ಇತ್ತು. ಹಿಂದಿರುಗುತ್ತಿದ್ದ ಮಿಸ್ಟೇರೊಂದನ್ನು ಅವರು ಬೆನ್ನಟ್ಟಿ ಹಿಡಿದರು, ಹೊಡೆದರು, ಪೆಟ್ಟು ತಗುಲಿತು. ಆ ಮಿಸ್ಟೇರಿನ ಕಥೆ ಮುಗಿಯಿತೆಂದುಕೊಂಡರು. ಆದರೆ ಪೆಟ್ಟು ತಿಂದ ಆ ವಿಮಾನ ಓಡಲಿಲ್ಲ. ತಿರುಗಿತು. ನೆಲಕ್ಕೆ ತೀರ ಸಮೀಪದಲ್ಲಿ ಇಬ್ಬರಿಗೂ ಕಾದಾಟವಾಯಿತು. ಮಿಸ್ಟೇರಿನ ಮೂವತ್ತು ಮಿಲಿಮೀಟರಿನ ಫಿರಂಗಿಗಳು ಸ್ಟಾರ್‌ಫೈಟರನ್ನು ತಿವಿದವು. ಹುಸೇನರ ಹಿಡಿತ ತಪ್ಪಿತು; ಅವರು ಆಸನದೊಡನೆ ಹೊರಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಮಿಸ್ಟೇರಿನ ವೈಮಾನಿಕನು ಬದುಕಲಿಲ್ಲ. ಅವನ ಧೈರ್ಯವನ್ನು ಆ ಪುಸ್ತಕ ಮರೆಮಾಚಲಿಲ್ಲ.

ಅಂದು ಆ ಹೊತ್ತಿನಲ್ಲಿ ಹಿಂದಿರುಗದ ಮಿಸ್ಟೇರು ಒಂದೇ. ಅದನ್ನು ನಡೆಸುತ್ತಿದ್ದವರು ಒಬ್ಬರೇ.

ಇಲ್ಲಿ ಸ್ವಲ್ಪ ನಿಂತು ಸಾಕ್ಷ್ಯವನ್ನು ತೂಗಿ ನೋಡುವುದು ಒಳ್ಳೆಯದು. ಶಾಸನವನ್ನು ಓದುವಾಗಲೂ ನಾವು ಹಾಗೆ ಮಾಡುತ್ತೇವಷ್ಟೆ. ಒಡೆದು ಚದುರಿದ ಮಿಸ್ಟೇರಿನ ಚೂರುಗಳು ಬಡಿದು ಸ್ಟಾರ್‌ಫೈಟರ್ ಕೆಟ್ಟಿತೆಂಬ ಮಾತೂ ಆ ಕಡೆಯಲ್ಲಿ ಕೇಳಿಬಂದಿತ್ತು. ಹಾಗೆ ಹೇಳಿಬಿಟ್ಟಿದ್ದರೆ ಅವರಿಗೆ ಎಲ್ಲ ರೀತಿಯಿಂದಲೂ ಅನುಕೂಲವೇ. ತಮ್ಮ ಕಣ್ಮಣಿಯಂತಹ ಆಧುನಿಕ ವಿಮಾನವನ್ನು ಹಳೆಯ ಕಾಲದ ವಿಮಾನವೊಂದು, ಅದೂ ಗಾಯಗೊಂಡ ವಿಮಾನವೊಂದು, ಕೆಡವಿತೆಂದು ಒಪ್ಪಿಕೊಳ್ಳುವುದು ಯಾವ ವಾಯುದಳಕ್ಕೂ ಸುಖದ ಮಾತಲ್ಲ. ಲಾಭವಿಲ್ಲದೆ ಇದ್ದರೂ, ಅಭಿಮಾನಕ್ಕೆ ಕುಂದಾಗುವಂತಿದ್ದರೂ ಹೇಳಿದ ಮಾತನ್ನು ನಂಬಬೇಕು. ಮುಂದೆ ಪಾಕಿಸ್ತಾನದ ನಿವೃತ್ತ ಅಧಿಕಾರಿ ಕೈಸರ್ ತುಫೈಲ್ ಅವರು ಈ ಪ್ರಸಂಗವನ್ನು ಮತ್ತೆ ಶೋಧಿಸಿ ಬರೆದಾಗಲೂ ದೇವಯ್ಯನವರ ಪಾಲಿನ ಶ್ರೇಯಸ್ಸು ಅಳಿಸಿಹೋಗಲಿಲ್ಲ.

ಇನ್ನೊಂದು ವಿಷಯದಲ್ಲಿ ನಮ್ಮ ಕಡೆಯ ಬರಹಗಾರರಿಗೆ ನಾನು ಒಂದು ಮಾತು ಹೇಳಬೇಕು. ದೇವಯ್ಯನವರು ಸಾಯಬೇಕೆಂದು ನಿರ್ಧರಿಸಿಯೇ ತಿರುಗಿದರು, ಆತ್ಮಾರ್ಪಣೆ ಮಾಡಿದರು, ನಗುನಗುತ್ತ ಮೃತ್ಯುವನ್ನು ಅಪ್ಪಿದರು ಎಂದು ಬರೆಯುವ ವಾಡಿಕೆಯುಂಟು. ಆ ಪುಟ್ಟ ಗಾಜಿನ ಗೂಡಿನೊಳಗೆ ಅವರ ಮನಸ್ಸಿನಲ್ಲಿ ಏನು ನಡೆಯಿತೆಂಬುದನ್ನು ಹೇಳಲು ನಾವು ಯಾರು? ಅವರು ಬೋಧಕರಾಗಿದ್ದವರು, ಎಣ್ಣೆಯ ಲೆಕ್ಕ ಅವರ ಬಾಯಲ್ಲಿತ್ತು. ಸ್ಟಾರ್‌ಫೈಟರಿನ ಮುಂದೆ ನೇರವಾಗಿ ಓಡಿದರೆ ಬೆನ್ನಿಗೆ ಗುಂಡು ಬೀಳುವುದು ಖಂಡಿತವೆಂದೂ, ತಿರುಗಿದರೆ ಗೆಲ್ಲುವುದಕ್ಕೆ ಎಡೆಯುಂಟು, ಆದರೆ ಆದಂಪುರವನ್ನು ಮುಟ್ಟುವುದಕ್ಕೆ ಇಲ್ಲವೆಂದೂ ಅವರಿಗೆ ತಿಳಿದಿರಲೇಬೇಕು. ಅವರು ತಿರುಗಿದರು. ಇಷ್ಟು ಮಾತ್ರ ನಮಗೆ ಗೊತ್ತು, ಇಷ್ಟು ಸಾಲದೆ? ಇದಕ್ಕೆ ನಗುವನ್ನು ಬೆರಸಿದರೆ ಅದರ ಘನತೆ ಕುಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಒಳಕ್ಕೆ ನುಗ್ಗಿ ಹೊರಬರಲಾರದ ಅಭಿಮನ್ಯುವಿಗೆ ಅವರನ್ನು ಹೋಲಿಸುವುದು ಸುಲಭ. ಆ ಹುಡುಗಿಯ ಮಾತಿನಲ್ಲಿದ್ದದ್ದೂ ಅದೇ. ಆದರೆ ಉಪಮೆ ಪೂರ್ತಿಯಾಗಿ ಹೊಂದುವುದಿಲ್ಲ. ಅಭಿಮನ್ಯುವಿಗೆ ಹೊರಗೆ ಬರುವ ದಾರಿ ತಿಳಿದಿರಲಿಲ್ಲ. ದೇವಯ್ಯನವರಿಗೆ ತಿಳಿದಿತ್ತು.

ಫ್ರಿಕರರ ಬರಹ ತನೇಜಾ ಅವರ ಕಣ್ಣಿಗೆ ಬಿತ್ತು. ಅಂದು ದಂಡನ್ನು ಮುನ್ನಡೆಸಿದವರು, ಹಿಂದಿರುಗಿ ಬಂದು ಒಬ್ಬನನ್ನು ಕಾಣದೆ ಇದ್ದವರು. ತಮ್ಮ ಜೊತೆಯವನಿಗೆ ಏನಾಯಿತೆಂಬುದು ಇಷ್ಟು ವರ್ಷಗಳ ಮೇಲೆ, ಶತ್ರುವಿನ ಕಡೆಯ ಪುಸ್ತಕದಿಂದ ಅವರಿಗೆ ತಿಳಿಯಿತು. ಅವರು ಸುಮ್ಮನಿರಲಿಲ್ಲ. ವಾಯುದಳದ ಮುಖ್ಯಾಲಯಕ್ಕೆ ಬರೆದು, ದೇವಯ್ಯನವರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ಕೇಳಿದರು. ಕಡತಗಳ ನಡೆ ಮಿಸ್ಟೇರಿನ ವೇಗದ್ದಲ್ಲ. 1988ರಲ್ಲಿ, ಅಂದರೆ ಆ ಬೆಳಗಿಗೆ ಇಪ್ಪತ್ತಮೂರು ವರ್ಷಗಳಾದ ಮೇಲೆ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಪ್ರದಾನವಾಯಿತು. ಯುದ್ಧಕಾಲದ ಪರಾಕ್ರಮಕ್ಕೆ ಸಲ್ಲುವ ಪ್ರಶಸ್ತಿಗಳಲ್ಲಿ ಪರಮವೀರಚಕ್ರಕ್ಕೆ ಮಾತ್ರ ಎರಡನೆಯದು ಅದು. ಸುಂದರಿಯವರು ಅದನ್ನು ಸ್ವೀಕರಿಸಿದರು. ತಂದೆ ಹೋದಾಗ ಪುಟ್ಟವರಾಗಿದ್ದ ಮಕ್ಕಳು ಆ ವೇಳೆಗೆ ಬೆಳೆದು ದೊಡ್ಡವರಾಗಿದ್ದರು.

ಅಮ್ಜದ್ ಹುಸೇನರ ಕಥೆಗೂ ಒಂದು ಮುಂದುವರಿಕೆಯುಂಟು. 1971ರ ಯುದ್ಧದಲ್ಲಿ ಅವರು ಮತ್ತೆ ಸ್ಟಾರ್‌ಫೈಟರಿನಲ್ಲಿಯೇ ಅಮೃತಸರದ ಮೇಲೆ ಬಂದು, ನೆಲದ ಫಿರಂಗಿಗಳ ಹೊಡೆತಕ್ಕೆ ಸಿಕ್ಕಿ, ಮತ್ತೊಮ್ಮೆ ಪ್ಯಾರಾಚೂಟಿನಲ್ಲಿ ಇಳಿದರು. ಈ ಸಲ ಇಳಿದದ್ದು ನಮ್ಮ ನೆಲದ ಮೇಲೆ. ಯುದ್ಧಕೈದಿಯಾಗಿ ಕೆಲಕಾಲ ಭಾರತದಲ್ಲಿಯೇ ಇದ್ದರು. ಸೆಪ್ಟೆಂಬರ್ 7ರ ಬೆಳಗಿನ ಏಕೈಕ ಕಣ್ಣಸಾಕ್ಷಿ ನಮ್ಮ ಕಾವಲಿನೊಳಗೇ ಇದ್ದ. ಅವನನ್ನು ಏನು ಕೇಳಬೇಕೆಂಬುದೇ ಆಗ ನಮ್ಮವರಿಗೆ ತಿಳಿದಿರಲಿಲ್ಲ. ಇದನ್ನು ಕಾದಂಬರಿಯಲ್ಲಿ ಬರೆದರೆ ವಿಮರ್ಶಕರು ಅಸಹಜವೆನ್ನುತ್ತಾರೆ.

ಈಗ ದೇವಯ್ಯನವರ ಹೆಸರು ಮರೆಯಲ್ಲಿಲ್ಲ. ಮಡಿಕೇರಿಯಲ್ಲಿ ಅವರ ಪ್ರತಿಮೆ ನಿಂತಿದೆ. 2025ರ ಜನವರಿಯಲ್ಲಿ ಅವರ ಸಾಹಸದಿಂದ ಪ್ರೇರಿತವಾದ ಹಿಂದಿ ಚಲನಚಿತ್ರವೊಂದು ತೆರೆಗೆ ಬಂತು. ಬೆಂಗಳೂರಿನಲ್ಲಿಯೂ ಜನ ನೋಡಿದರು. ಚಿತ್ರದಲ್ಲಿ ವೀರನ ಹೆಸರು ಬೇರೆ. ಚಿತ್ರಕಥೆಯ ಸ್ವಾತಂತ್ರ್ಯಕ್ಕೆ ಅದು ಬೇಕಾಗಿದ್ದೀತು. ಆದರೂ ವೀರಗಲ್ಲಿನ ಮೇಲಿನ ಹೆಸರನ್ನು ಬದಲಿಸಿ ಕೆತ್ತಿದಂತೆ ನನಗೆ ತೋರಿತು. ಒಂದೊಂದು ಅಕ್ಷರಕ್ಕಾಗಿ ಭೂತಗನ್ನಡಿ ಹಿಡಿದು ಕೂರುವ ನಮ್ಮ ಕಸುಬಿನವರಿಗೆ ಇಂತಹದು ಬೇಗ ಚುಚ್ಚುತ್ತದೆ. ಕಾಳಿ ಎಂಬ ನಾಯಿಯ ಹೆಸರು ಸಾವಿರ ವರ್ಷವಾದರೂ ಬದಲಾಗಿಲ್ಲ.

ಆ ಭಾನುವಾರ ನಾಲ್ಕಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೇಗೂರಿಗೆ ಹೋದೆ. ಪ್ರಶ್ನೆ ಕೇಳಿದ್ದ ಹುಡುಗನೂ ಇದ್ದ; ವಿರಾಜಪೇಟೆಯ ಹುಡುಗಿಯೂ ಇದ್ದಳು. ಕಲ್ಲಿನ ಮುಂದೆ ಕುಳಿತು ಅಕ್ಷರಗಳನ್ನು ಬೆರಳಿನಿಂದ ಹಿಂಬಾಲಿಸುತ್ತ, ಬೆಂಗಳೂರು ಎಂಬುದನ್ನು ಕೂಡಿಸಿ ಓದಿದಾಗ ಅವರಿಗಾದ ಸಂತೋಷವನ್ನು ನೋಡಬೇಕಾಗಿತ್ತು. ಹುಡುಗ ಕೇಳಿದ, "ಸರ್, ದೇವಯ್ಯನವರ ದೇಹ ಏನಾಯಿತು?" ಪಾಕಿಸ್ತಾನದ ಕಡೆಯ ಬರಹಗಳಿಂದ ಅದೂ ತಿಳಿದುಬಂದಿದೆ. ವಿಮಾನ ಬಿದ್ದ ಹಳ್ಳಿಯ ರೈತರು ಅವರನ್ನು ಕಂಡು, ಹೊಲದಲ್ಲಿಯೇ ಮಣ್ಣು ಮಾಡಿದರು. ಯುದ್ಧದ ನಡುವೆ, ತಮ್ಮ ಮೇಲೆ ಬಾಂಬು ಹಾಕಲು ಬಂದ ಪರದೇಶದವನೊಬ್ಬನಿಗಾಗಿ ಅವರು ಗುದ್ದಲಿ ಹಿಡಿದು ನೆಲವನ್ನು ಅಗೆದರು. ಇದನ್ನು ಹೇಳಿದಾಗ ಹುಡುಗ ಏನೂ ಮಾತನಾಡಲಿಲ್ಲ. ಹುಡುಗಿ ಕಲ್ಲಿನ ಬುಡದಲ್ಲಿ ಬಿದ್ದಿದ್ದ ಒಣಗಿದ ಎಲೆಗಳನ್ನು ಆಯ್ದು ಆಚೆಗೆ ಹಾಕಿದಳು.

ಮರುದಿನ ತರಗತಿಯಲ್ಲಿ ಅಭಿಮನ್ಯುವಿನ ಪ್ರಸಂಗವನ್ನು ಮುಗಿಸಿದೆವು. ಹಗೆಯ ಮಗನಿಗೆ ಕೈಮುಗಿದು ಮುಂದೆ ನಡೆದ ದುರ್ಯೋಧನನಿಗೆ ಕಾಣುವುದು ತನ್ನ ಮಗ ಲಕ್ಷಣಕುಮಾರನ ಶವ. ಪುಟ ತಿರುಗಿಸಿ, ಆ ಪದ್ಯವನ್ನು ಓದುವಂತೆ ಆ ಹುಡುಗನಿಗೆ ಹೇಳಿದೆ.